ಒಂಬತ್ತು ಗಣಿತ ಕೋರ್ಸು, ಒಂದು ಪೆನ್ನು

೪

ಕಥೆ ನಾಲ್ಕರಿಂದ ಯಾಕೆ ಶುರುವಾಯಿತು ಎಂದು ಕೇಳಬೇಡಿ. ಒಳ್ಳೆಯ ಗಣಿತ ಕೋರ್ಸುಗಳು ಮಗುವನ್ನು ಒಂದನೇ ಪಾಠದಿಂದ ಹಿಡಿಯುವುದಿಲ್ಲ. ಮೊದಲು ಪ್ಲೇಸ್‌ಮೆಂಟ್ ಟೆಸ್ಟ್ ಎಂಬುದೊಂದನ್ನು ಕೊಟ್ಟು, ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅಳೆದು, ಯಾವ ಹಂತದಿಂದ ಶುರು ಮಾಡಬೇಕೆಂದು ಹೇಳುತ್ತವೆ. ನಾನೂ ನಿಮ್ಮನ್ನು ಅಳೆದೆ. (ಯಾವಾಗ ಎಂದರೆ, ನೀವು ಶೀರ್ಷಿಕೆ ಓದುತ್ತಿದ್ದಾಗಲೇ. ನನ್ನ ಕಣ್ಣು ಅಂಥದ್ದು.) ಒಂದನೇ ಭಾಗದಲ್ಲಿ ಒಂದು ಸೂರ್ಯೋದಯವಿತ್ತು. ಎರಡರಲ್ಲಿ ನಾಯಕಿಯ ಬಾಲ್ಯ. ಮೂರರಲ್ಲಿ ಶಿಕ್ಷಣವೆಂದರೇನು ಎಂಬ ಬಗ್ಗೆ ನನ್ನ ನಲವತ್ತು ಪುಟಗಳ ಅಮೂಲ್ಯ ಅಭಿಪ್ರಾಯ. ಇವೆಲ್ಲ ನಿಮಗೆ ಆಗಲೇ ಬರುತ್ತವೆ. ನೀವು ನಾಲ್ಕನೇ ಹಂತದವರು, ಅಭಿನಂದನೆಗಳು.

ಈಗ ಅಮ್ಮನನ್ನು ನೋಡಿ. ಊಟದ ಮೇಜಿನ ಮುಂದೆ ಕೂತು, ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದಕ್ಕಾಗಿ ಮೂವತ್ತೇಳು ಗಣಿತ ಕೋರ್ಸುಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುತ್ತಿದ್ದಾಳೆ.

"ಒಂಬತ್ತು," ಎಂದಳು ಅಮ್ಮ, ತಲೆ ಎತ್ತದೆ.

(ಪಾತ್ರಗಳು ಹೀಗೆ ನಡುವೆ ಬಾಯಿ ಹಾಕುವುದು ನನಗೆ ಹಿಡಿಸುವುದಿಲ್ಲ. ಆದರೆ ಈಕೆ ಹದಿಮೂರು ವರ್ಷ ದೊಡ್ಡ ಆಸ್ಪತ್ರೆಯೊಂದರ ಖರೀದಿ ವಿಭಾಗದಲ್ಲಿ ಇದ್ದವಳು. ಬೇರೆ ಬೇರೆ ಅಂಗಡಿಗಳಿಂದ ದರದ ಮೂರು ಕೊಟೇಶನ್ ಬಾರದೆ ಆ ಕಟ್ಟಡದೊಳಗೆ ಒಂದು ಹತ್ತಿ ಉಂಡೆಯನ್ನೂ ಬಿಟ್ಟುಕೊಂಡವಳಲ್ಲ. ಇಂಥವಳ ಮುಂದೆ ಸಂಖ್ಯೆ ಉಬ್ಬಿಸುವುದು ಕಷ್ಟ.)

ಸರಿ, ಒಂಬತ್ತು. ಗೋಡೆಯ ಮೇಲೆ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಹೋಲಿಕೆ ಪಟ್ಟಿ ಅಂಟಿಸಿದ್ದಾಳೆ. ವಿಡಿಯೋ ಇದೆಯೇ? ಅಭ್ಯಾಸದ ಲೆಕ್ಕ ಎಷ್ಟು? ಎಣಿಸಲು ಬಣ್ಣದ ಮರದ ತುಂಡು ಕೊಡುತ್ತಾರೆಯೇ? ಹಳೆಯ ಪಾಠಕ್ಕೆ ಮತ್ತೆ ಮತ್ತೆ ಸುತ್ತಿ ಬರುತ್ತದೆಯೇ, ಇಲ್ಲ ಭಿನ್ನರಾಶಿಯನ್ನು ಹಿಡಿದರೆ ಅದರ ಪ್ರಾಣ ಹೋಗುವವರೆಗೆ ಬಿಡುವುದಿಲ್ಲವೇ? ಹನ್ನೊಂದು ತಿಂಗಳಿಂದ ಈ ಪಟ್ಟಿ ಬೆಳೆಯುತ್ತಿದೆ. ಕೋರ್ಸು ಮಾತ್ರ ಒಂದೂ ಶುರುವಾಗಿಲ್ಲ. ಆಗಿರುವುದೆಲ್ಲ ಪ್ಲೇಸ್‌ಮೆಂಟ್ ಟೆಸ್ಟ್.

೫

ಮಕ್ಕಳ ಪರಿಚಯ ಮಾಡಿಸದಿದ್ದರೆ ನೀವು ಬೈಯುತ್ತೀರಿ.

ದೊಡ್ಡವಳಿಗೆ ಹತ್ತು ವರ್ಷ. ಚಿಕ್ಕವಳಿಗೆ ಐದು; ಆ ಮನೆಯಲ್ಲಿ ಅವಳು ಹತ್ತದ ವಸ್ತುವಿಲ್ಲ. ಕುರ್ಚಿ, ಕಿಟಕಿ, ಬೀರು, ಅಪ್ಪ.

ದೊಡ್ಡವಳು ಶಾಲೆಗೆ ಹೋಗುತ್ತಿದ್ದಾಗ ಗಣಿತದ ಪಿರಿಯಡ್ ಇದ್ದ ದಿನವೆಲ್ಲ ಹೊಟ್ಟೆನೋವು. ಗಣಿತದ ಪಿರಿಯಡ್ ದಿನವೂ ಇತ್ತು. ಅರವತ್ತು ಮಕ್ಕಳ ತರಗತಿ, ಕೊನೆಯ ಬೆಂಚು. ಟೀಚರು ಒಂದು ದಿನವೂ ಅವಳ ಕಡೆ ನೋಡಲಿಲ್ಲ, ನೋಡಿದ ದಿನ ಬೆಂಚಿನ ಮೇಲೆ ನಿಲ್ಲಿಸಿದರು. ಕಳೆದ ವರ್ಷ ಅಮ್ಮ ಕೆಲಸ ಬಿಟ್ಟು ಅವಳನ್ನು ಮನೆಗೆ ಕರೆತಂದಳು. ಹೊಟ್ಟೆನೋವು ಹೋಯಿತು. ಊಟ ಸೇರತೊಡಗಿತು. ಸ್ನಾನದ ಮನೆಯಿಂದ ಹಾಡು ಕೇಳಿಸತೊಡಗಿತು. (ಇಲ್ಲಿ ನಾನು ಏನನ್ನೂ ಉಬ್ಬಿಸಿಲ್ಲ. ಗಮನಿಸಿ.)

ಆದರೆ ಮನೆಯಲ್ಲೇ ಕಲಿಸುವ ಅನುಮತಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು. ಶಿಕ್ಷಣ ಕಚೇರಿಯಿಂದ ಪರೀಕ್ಷಾಧಿಕಾರಿ ಮೇಡಂ ಬರುತ್ತಾರೆ. ಮಗುವಿನ ಜೊತೆ ಅರ್ಧ ಗಂಟೆ, ಬಾಗಿಲು ಹಾಕಿಕೊಂಡು ಕೂರುತ್ತಾರೆ. ಫಾರಂನಲ್ಲಿ ಬರೆದ ಹಂತ ಮಗುವಿಗೆ ಬಂದರೆ ಸಹಿ. ಬಾರದಿದ್ದರೆ ಮುಂದಿನ ಸೋಮವಾರ ಬೆಳಿಗ್ಗೆ ಶಾಲೆ, ಅದೇ ಬೆಂಚು.

ಅಮ್ಮ ಫಾರಂ ಕಳಿಸಿಯಾಗಿತ್ತು. 'ಕೋರ್ಸು' ಎಂಬಲ್ಲಿ 'ಪರಿಶೀಲನೆಯಲ್ಲಿದೆ'. 'ಹಂತ' ಎಂಬಲ್ಲಿ ಏಳು. ಹತ್ತು ವರ್ಷದ ಮಗುವಿಗೆ ಐದನೆಯ ಹಂತವೇ ಸರಿ. ಆದರೆ ಎಂಟು ಕೋರ್ಸುಗಳ ಎಂಟು ಟೆಸ್ಟುಗಳೂ ಏಳು ಎಂದು ಹೇಳಿದ್ದವು. ಅದನ್ನು ಬರೆಯುವಾಗ ಅಮ್ಮನ ಕೈ ಮಿಕ್ಕ ಅಕ್ಷರಗಳಿಗಿಂತ ಸ್ವಲ್ಪ ದೊಡ್ಡದಾಗಿಯೇ ಬರೆಯಿತು. ಮೇಡಂ ಬರುವುದು ಗುರುವಾರ ಹನ್ನೊಂದಕ್ಕೆ.

ಇವತ್ತು ಸೋಮವಾರ.

೬

ಅಪ್ಪ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಆ ಮಧ್ಯಾಹ್ನ ಅಂಗಡಿಯ ಯಂತ್ರ ಕೈಕೊಟ್ಟಿದ್ದರಿಂದ ಎಂದಿಲ್ಲದ ಹಾಗೆ ಊಟಕ್ಕೆ ಮನೆಗೆ ಬಂದ. ಒಂಬತ್ತನೆಯ ಪ್ಲೇಸ್‌ಮೆಂಟ್ ಟೆಸ್ಟ್ ನಡೆಯುತ್ತಿತ್ತು. ಚಪ್ಪಲಿ ಬಿಚ್ಚುತ್ತ ಬಾಗಿಲಲ್ಲೇ ನಿಂತ.

ಮೇಜಿನ ಈಚೆ ದೊಡ್ಡವಳು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ಟಿಕ್ ಎಂದು ಗುಂಡಿ ಒತ್ತುವ ಪೆನ್ನು. ಆಸ್ಪತ್ರೆಯ ಕಾಲದ ಪೆನ್ನು ಅದು; ಮೂರು ಕೊಟೇಶನ್ ಕರೆದು ಕೊಂಡದ್ದು.

"ಒಂದು ತೊಟ್ಟಿ," ಎಂದು ಅಮ್ಮ ಓದಿದಳು. "ಒಂದು ನಲ್ಲಿ ಬಿಟ್ಟರೆ ಆರು ಗಂಟೇಲಿ ತುಂಬತ್ತೆ. ಇನ್ನೊಂದು ಬಿಟ್ಟರೆ ಮೂರು ಗಂಟೇಲಿ. ಎರಡನ್ನೂ ಬಿಟ್ಟರೆ?"

"ಒಂಬತ್ತು?" ಎಂದಳು ದೊಡ್ಡವಳು.

ಅಮ್ಮನ ಎಡ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು.

"ನಾಲ್ಕೂವರೆ? ... ಮೂರು? ... ಎರಡು?"

ಟಿಕ್.

"ಎರಡು," ಎಂದಳು ದೊಡ್ಡವಳು, ಈ ಸಲ ಗಟ್ಟಿಯಾಗಿ.

"ನೋಡಿದ್ರಾ?" ಅಮ್ಮ ಗಂಡನ ಕಡೆ ತಿರುಗಿ ಹಿಗ್ಗಿದಳು. "ಬಾಯಲ್ಲೇ! ಪೇಪರು ಮುಟ್ಟಲ್ಲ ಇವಳು."

ಅಪ್ಪ ನಕ್ಕ ನಗುವಿಗೆ ಮನೆಯ ಹೆಂಚು ಹಾರಿ, ಪಕ್ಕದ ಬೀದಿಯ ನಾಯಿಗಳು ಊರು ಬಿಟ್ಟವು.

"ನಮ್ಮನೆಗೆ ಹೆಂಚಿಲ್ಲ," ಎಂದಳು ಅಮ್ಮ ನನಗೆ. ಗಂಡನಿಗೆ, "ಯಾಕ್ರೀ ನಗ್ತೀರಾ?"

"ಮೊನ್ನೆ ಒಬ್ಬರು ಅಜ್ಜ ಬಂದಿದ್ರು ಅಂಗಡಿಗೆ," ಎಂದ ಅಪ್ಪ, ಕುರ್ಚಿ ಎಳೆದುಕೊಳ್ಳುತ್ತ. "ಡ್ರೈವಿಂಗ್ ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟ್ ಬೇಕಿತ್ತು. ಕೊನೇ ಸಾಲಿನ ತನಕ ಪಟಪಟ ಅಂತ ಓದಿದ್ರು. ನಂಗೆ ಅನುಮಾನ ಬಂತು. ಚಾರ್ಟ್ ಬದಲಾಯಿಸ್ದೆ."

"ಆಮೇಲೆ?"

"ಹಳೇ ಚಾರ್ಟನ್ನೇ ಓದಿದ್ರು."

ದೊಡ್ಡವಳು ನಗಲಿಲ್ಲ. ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಏನು ಹೇಳ್ತಿದ್ದೀರಿ ನೀವು?" ಎಂದಳು ಅಮ್ಮ.

"ನಿನ್ನ ಪೆನ್ನು ಕೊಡು ಇಲ್ಲಿ."

೬ (ಮುಂದುವರಿದದ್ದು, ಏಳು ಎನ್ನಲು ಅಮ್ಮನಿಗೆ ಭಯ)

ಪೆನ್ನು ಅಪ್ಪನ ಜೇಬಿಗೆ, ಲೆಕ್ಕದ ಹಾಳೆ ಅವನ ಕೈಗೆ ಹೋಯಿತು. ಮುಂದಿನ ಇಪ್ಪತ್ತು ಲೆಕ್ಕಗಳಲ್ಲಿ ದೊಡ್ಡವಳಿಗೆ ಒಂಬತ್ತು ಸರಿ.

"ಇನ್ನೂ ಒಂಬತ್ತು ಬಂತಲ್ಲ!" ಎಂದಳು ಅಮ್ಮ.

"ಹುಬ್ಬು," ಎಂದ ಅಪ್ಪ.

ಮತ್ತೆ ಇಪ್ಪತ್ತು; ಈ ಸಲ ಅಮ್ಮ ದಿನಪತ್ರಿಕೆಯಿಂದ ಮುಖ ಮುಚ್ಚಿಕೊಂಡಳು. ಆರು ಸರಿ. ಸರಿಯುತ್ತರ ಬಂದಾಗ ಪತ್ರಿಕೆ ಸ್ವಲ್ಪ ಕೆಳಗಿಳಿಯುತ್ತಿತ್ತು. ಪತ್ರಿಕೆಯನ್ನು ಗೋಡೆಗೆ ಒತ್ತಿ ಹಿಡಿದಳು. ನಾಲ್ಕು ಸರಿ. ಈಗ ಅಲುಗಿದ್ದು ಕಾಲಿನ ಹೆಬ್ಬೆರಳು. ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡಳು. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ ನಿಂತಳು. ಆಗ ಎಷ್ಟು ಸರಿಯಾಯಿತು ಎಂದು ಹೇಳಲು ನನಗೇ ಬೇಸರ. ಒಂದು. ಆ ಒಂದು 'ಏಳೆಂಟಲೆ ಎಷ್ಟು' ಎಂಬುದು.

(ಬುದ್ಧಿವಂತ ಓದುಗರೇ, ನಾನು ಗಣಿತದಲ್ಲಿ ಭಯಂಕರ ಪ್ರತಿಭಾವಂತ. ನನ್ನ ಉತ್ತರಪತ್ರಿಕೆಗಳನ್ನು ತಿದ್ದಲು ಬೇರೆ ದೇಶಗಳಿಂದ ಜನ ಬರುತ್ತಿದ್ದರು. ಆದರೂ ಆ ನಲ್ಲಿಯ ಲೆಕ್ಕಕ್ಕೆ ನಾನು ಬರೆದಿದ್ದ ಉತ್ತರ ನಾಲ್ಕೂವರೆ. ಎರಡು ಎಂದು ಗೊತ್ತಾದದ್ದು ಪೆನ್ನು ಟಿಕ್ ಅಂದಾಗಲೇ.)

"ಇದು ಕಣ್ಣು ನೋಡೋರಿಗೆಲ್ಲ ಗೊತ್ತಿರೋ ವಿಷಯ ಕಣೇ," ಎಂದ ಅಪ್ಪ, ಈಗ ನಗದೆ. "ಲೆನ್ಸ್ ಹಾಕಿ, ಇದು ಚೆನ್ನಾಗಿದೆಯಾ, ಇದಾ ಅಂತ ಕೇಳ್ತೀವಲ್ಲ, ಎರಡು 'ಇದು'ನೂ ಒಂದೇ ದನೀಲಿ ಹೇಳ್ಬೇಕು. ಒಂದು ಚೂರು ಎತ್ತಿ ಹೇಳಿದ್ರೆ ಜನ ಅದನ್ನೇ ಆರಿಸ್ತಾರೆ. ಕಣ್ಣಿಂದ ಅಲ್ಲ, ಕಿವಿಯಿಂದ. ಅದನ್ನ ಕಲಿಯೋಕೇ ನಂಗೆ ಆರು ತಿಂಗಳು ಹಿಡೀತು."

ಅಮ್ಮ ಗೋಡೆಯ ಪಟ್ಟಿಯನ್ನು ನೋಡಿದಳು. ಎಂಟು ಸಾಲು, ಎಂಟು ಏಳು. ಎಂಟು ಕೋರ್ಸುಗಳೂ ಅಳೆದದ್ದು ಮಗಳನ್ನಲ್ಲ, ಅಮ್ಮನನ್ನೇ.

೭

"ಮೋಸ ಮಾಡಿದ್ಯಾ?" ಎಂದು ಕೇಳಿದಳು ಅಮ್ಮ. ದನಿ ಅವಳಿಗೇ ಇಷ್ಟವಾಗಲಿಲ್ಲ. ಆ ಬೆಂಚಿನ ಟೀಚರ ದನಿ ಅದು.

"ಇಲ್ಲಮ್ಮ."

"ಮತ್ತೆ?"

"ಲೆಕ್ಕ ಅಂದ್ರೆ ಅದೇ ಅಂದ್ಕೊಂಡಿದ್ದೆ." ದೊಡ್ಡವಳ ಉಗುರು ಗೀರಿನಿಂದ ಮೇಲೇಳಲಿಲ್ಲ. "ನೀನೇ ಹೇಳ್ತಿದ್ದೆಯಲ್ಲ, ಗಮನ ಕೊಟ್ಟು ನೋಡು, ಉತ್ತರ ಅಲ್ಲೇ ಇರತ್ತೆ ಅಂತ. ನಾನು ಗಮನ ಕೊಟ್ಟೇ ನೋಡ್ತಿದ್ದೆ. ನಿನ್ನನ್ನ."

ಅಮ್ಮ ಕೈಯಿಂದ ಹುಬ್ಬು ಮುಚ್ಚಿಕೊಂಡಳು.

"ಶಾಲೇಲಿ ಯಾರ ಮುಖಾನೂ ಕಾಣ್ತಿರ್ಲಿಲ್ಲ," ಎಂದಳು ದೊಡ್ಡವಳು. "ಇಲ್ಲಿ ಸುಲಭ ಆಯ್ತು."

~~೮~~

ಇಲ್ಲಿ ಅಮ್ಮ ಅತ್ತಳೆಂದು ಬರೆದಿದ್ದೆ. ಕಣ್ಣೀರು ಹರಿದು ಹೋಲಿಕೆ ಪಟ್ಟಿಯ ಶಾಯಿಯೆಲ್ಲ ಕದಡಿ, ಒಂಬತ್ತು ಕೋರ್ಸುಗಳೂ ಒಂದೇ ಬಣ್ಣವಾದವೆಂದು. ಬಹಳ ಚೆನ್ನಾಗಿತ್ತು. ಪ್ರಶಸ್ತಿಗೆ ಸಾಕಾಗುವಷ್ಟು ಇತ್ತು.

"ಅದು ಪರ್ಮನೆಂಟ್ ಮಾರ್ಕರು," ಎಂದಳು ಅಮ್ಮ. "ಕದಡಲ್ಲ. ಹೊಡೆದು ಹಾಕಿ."

ಹೊಡೆದು ಹಾಕಿದೆ.

"ಇನ್ನೊಂದು," ಎಂದಳು. ಮೊದಲ ಬಾರಿಗೆ ನನ್ನ ಕಡೆ ನೇರ ನೋಡಿದಳು. "ಫಾರಂನಲ್ಲಿರೋ ಆ ಏಳನ್ನ ಐದು ಮಾಡಿಬಿಡಿ. ಒಂದೇ ಒಂದು ಅಂಕಿ. ನಿಮ್ಮದೇ ಕಥೆ ತಾನೇ? ಯಾರು ಕೇಳ್ತಾರೆ?"

ನನ್ನ ಎದೆ ಹಿಗ್ಗಿ ಅಂಗಿಯ ಗುಂಡಿಗಳು ಕಿಟಕಿಯಾಚೆ ಹಾರಿದವು. ಎಷ್ಟು ಕಥೆ ಬರೆದರೂ ಪಾತ್ರವೊಂದು ನನ್ನ ಮುಂದೆ ಹೀಗೆ ಕೈಯೊಡ್ಡಿದ್ದಿಲ್ಲ. ಬರೀ ಐದು ಯಾಕೆ, ಮುಕ್ತಾಯವನ್ನೇ ಕೊಡುತ್ತೇನೆ ಎಂದೆ. ಆರಿಸುವುದು ದೊಡ್ಡವಳು. ಪರೀಕ್ಷೆ ಅವಳದು ತಾನೇ?

೯

ಮುಕ್ತಾಯ ಅ: ದೊಡ್ಡವಳು ಒಂದೇ ರಾತ್ರಿಯಲ್ಲಿ ಮಹಾ ಗಣಿತಜ್ಞೆಯಾಗುತ್ತಾಳೆ. ಮೇಡಂ ಕೈಯಿಂದ ಫೈಲು ಜಾರುತ್ತದೆ.

ಮುಕ್ತಾಯ ಆ: ದೊಡ್ಡವಳು ಸೋಲುತ್ತಾಳೆ. ಶಾಲೆಯ ಗೇಟಿನ ಬಳಿ ಅಮ್ಮ ನಿಂತೇ ಇರುತ್ತಾಳೆ. ಆದರೆ ಈ ವರ್ಷ ಹೊಸ ಟೀಚರು, ಕರುಣಾಮಯಿ.

ಮುಕ್ತಾಯ ಇ: ಮೇಡಂ ಫೈಲು ಮುಚ್ಚಿ, ನನಗೂ ಚಿಕ್ಕಂದಿನಲ್ಲಿ ಗಣಿತ ಬರುತ್ತಿರಲಿಲ್ಲ ಎಂದು ಗುಟ್ಟು ಬಿಚ್ಚುತ್ತಾರೆ. ಎಲ್ಲರೂ ನಗುತ್ತಾರೆ. ಸಹಿ ಬೀಳುತ್ತದೆ.

ದೊಡ್ಡವಳು ಮೂರನ್ನೂ ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅ?"

ನಾನು ಗಂಭೀರವಾಗಿದ್ದೆ.

"ಆ? ... ಇ?"

ನನ್ನ ಕುರ್ಚಿ ಕಿರ್ ಎಂದಿತು. ಆಣೆ ಮಾಡಿ ಹೇಳುತ್ತೇನೆ, ನಾನು ಅಲುಗಿರಲಿಲ್ಲ. ಸ್ವಲ್ಪ ಮುಂದೆ ಬಾಗಿರಬಹುದು.

"ಇ," ಎಂದಳು ಗಟ್ಟಿಯಾಗಿ. "ಸರಿನಾ ಅಂಕಲ್?"

ಹುಬ್ಬು, ಹೆಬ್ಬೆರಳು, ಪತ್ರಿಕೆ ಎಂದು ಅಮ್ಮನನ್ನು ಆಡಿಕೊಂಡು ನಕ್ಕಿದ್ದೆ. ಈಗ ಸದ್ದಿಲ್ಲದೆ ಮೂರು ಮುಕ್ತಾಯಗಳನ್ನೂ ಮಡಚಿ ಜೇಬಿಗಿಟ್ಟೆ. ಏಳನ್ನು ಐದು ಮಾಡಲೂ ಇಲ್ಲ. ನಾನು ಬರೆದರೆ ಅದು ನನ್ನ ಐದಾಗುತ್ತದೆ, ಅವಳದಲ್ಲ.

೧೦

ಮಂಗಳವಾರ ಬೆಳಿಗ್ಗೆ ಅಮ್ಮನೇ ಶಿಕ್ಷಣ ಕಚೇರಿಗೆ ಫೋನು ಮಾಡಿದಳು. ಹದಿಮೂರು ವರ್ಷದ ಕೆಲಸದಲ್ಲಿ ತನ್ನ ಸಹಿಯಿದ್ದ ಕಾಗದ ತಪ್ಪೆಂದು ಒಮ್ಮೆಯೂ ಹೇಳಿದವಳಲ್ಲ.

"ಮೇಡಂ, ನಾನು ಬರೆದ ಹಂತ ತಪ್ಪು."

"ಎಷ್ಟು ಅಂತ ತಿದ್ದಲಿ?"

"ಗೊತ್ತಿಲ್ಲ ಮೇಡಂ."

ಆ ಕಡೆ ಪುಟ ಮಗುಚುವ ಸದ್ದು. "ಹಂತದ ಜಾಗ ಖಾಲಿ ಬಿಡ್ತೀನಿ," ಎಂದರು ಮೇಡಂ. "ಗುರುವಾರ ನಾನೇ ನೋಡಿ ಬರೀತೀನಿ. ಏಳೇ ಆಗ್ಬೇಕು ಅಂತಿಲ್ಲ, ನಾಲ್ಕಾದ್ರೂ ಸರಿ. ಆದರೆ ಏನೋ ಒಂದು ಅವಳದೇ ಅನ್ನೋದು ಇರ್ಬೇಕಮ್ಮ. ಅದೂ ಇಲ್ಲ ಅಂದ್ರೆ ನಾನು ಸಹಿ ಹಾಕೋಕಾಗಲ್ಲ."

ಅಮ್ಮ ಫೋನಿಟ್ಟು ಗೋಡೆಯ ಮುಂದೆ ನಿಂತಳು. ಕೋರ್ಸು ಈಗಲಾದರೂ ಆರಿಸಬೇಕಿತ್ತು. ಐದನೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಅವಳೇ ತಿರಸ್ಕರಿಸಿದ್ದ ಕೋರ್ಸೊಂದಿತ್ತು. ತೆಳ್ಳನೆಯ ಪುಸ್ತಕ. ವಿಡಿಯೋ ಇಲ್ಲ, ಮರದ ತುಂಡುಗಳಿಲ್ಲ. ತಿರಸ್ಕಾರದ ಕಾರಣ ಅವಳ ಅಕ್ಷರದಲ್ಲೇ ಇತ್ತು: 'ಹೇಳಿಕೊಡುವವರಿಗೆ ಪ್ರತ್ಯೇಕ ಪುಸ್ತಕವಿಲ್ಲ. ಉತ್ತರಗಳೆಲ್ಲ ಮಗುವಿನ ಪುಸ್ತಕದ ಕೊನೆಯಲ್ಲೇ ಇವೆ. ಮಗು ನೋಡಿಬಿಡುತ್ತದೆ.'

"ನೋಡಲಿ," ಎಂದಳು ಅಮ್ಮ. ಮಾರ್ಕರು ತೆಗೆದುಕೊಂಡು ಕೆಂಪು ಗೆರೆಯ ಪಕ್ಕ 'ಇದೇ' ಎಂದು ಬರೆದಳು.

(ಹನ್ನೊಂದು ತಿಂಗಳು, ಒಂಬತ್ತು ಕೋರ್ಸು, ಇಪ್ಪತ್ತೆರಡು ಕಾಲಮ್ಮು! ಇದನ್ನು ನಾನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗೂ ಈಗಷ್ಟೇ ಗೊತ್ತಾಯಿತು.)

ಮಂಗಳವಾರ, ಬುಧವಾರ ದೊಡ್ಡವಳು ಅಮ್ಮನಿಗೆ ಬೆನ್ನು ತಿರುಗಿಸಿ ಕೂತಳು. ಲೆಕ್ಕ ಮಾಡುವುದು, ಕೊನೆಯ ಪುಟ ತಿರುವುವುದು, ತಪ್ಪಿದ್ದರೆ ಅಳಿಸುವುದು. ರಬ್ಬರಿನ ಪುಡಿ ಮೇಜಿನ ಮೇಲೆ ಬೆಟ್ಟವಾಗಿ, ಬುಧವಾರ ಸಂಜೆ ಅದರ ತುದಿಯಲ್ಲಿ ಮೋಡ ಕಟ್ಟಿತು.

"ಒಂದು ಚಮಚದಷ್ಟಿತ್ತು," ಎಂದಳು ಅಮ್ಮ. ಆದರೆ ಗುಡಿಸಿ ಹಾಕಲಿಲ್ಲ.

ಎರಡು ಸಲ ಹೊಟ್ಟೆನೋವು ಎಂದಳು ದೊಡ್ಡವಳು. ಅಮ್ಮ ತಿರುಗಿ ನೋಡಲು ಹೋಗಿ ಕುತ್ತಿಗೆಯನ್ನು ಹಿಡಿದು ನಿಲ್ಲಿಸಿಕೊಂಡಳು. ನೀರಿನ ಲೋಟವನ್ನು ಪಕ್ಕದಲ್ಲಿಟ್ಟು, ಬೇರೆ ಕಡೆ ನೋಡುತ್ತ ತಲೆ ಸವರಿ ಹೋದಳು.

ಪೆನ್ನನ್ನು ಅಪ್ಪ ಬೀರುವಿನ ಮೇಲೆ, ಹಿಂದಕ್ಕೆ ತಳ್ಳಿ ಇಟ್ಟಿದ್ದ.

೧೧

ಗುರುವಾರ ಹನ್ನೊಂದಕ್ಕೆ ಮೇಡಂ ಬಂದರು. ತೆಳ್ಳಗಿನ ಹೆಂಗಸು, ದಪ್ಪ ಚೀಲ. ದೊಡ್ಡವಳ ಕೋಣೆಯ ಬಾಗಿಲು ಮುಚ್ಚಿತು. ಅಮ್ಮ ಹೊರಗೆ, ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು. ಮರದ ಬಾಗಿಲಿನ ಮೂಲಕವೂ ಹುಬ್ಬು ಕಂಡುಬಿಟ್ಟೀತೆಂಬ ಭಯ. ನಾನು ಈ ಕಥೆಯಲ್ಲಿ ಅಮ್ಮನ ಹೆಗಲ ಹಿಂದೆಯೇ ಇರುವವನು. ಆದ್ದರಿಂದ ನನಗೂ ಗೋಡೆಯೇ ಗತಿ. ಗೋಡೆಗೆ ಸುಣ್ಣ ಬಳಿಯಬೇಕಿತ್ತು.

ಒಳಗಿನಿಂದ ಮೇಡಂ ದನಿ ಕೇಳಿಸುತ್ತಿತ್ತು. ಎತ್ತರವಿಲ್ಲ, ತಗ್ಗಿಲ್ಲ. ಅಪ್ಪ ಕೇಳಿದ್ದರೆ ಅಂಗಡಿಗೆ ಕೆಲಸಕ್ಕೆ ಕರೆಯುತ್ತಿದ್ದ.

"ಒಂದು ಹಗ್ಗ. ಅದರಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಕೊಟ್ಟೆ. ಉಳಿದದ್ದರಲ್ಲಿ ಅರ್ಧ ಕತ್ತರಿಸಿ ಕೊಟ್ಟೆ. ಈಗ ನನ್ನ ಹತ್ರ ಐದು ಮೀಟರ್ ಇದೆ. ಮೊದಲು ಎಷ್ಟಿತ್ತು?"

ಹದಿನೈದು, ಎಂದು ಅಮ್ಮನ ತಲೆಯೊಳಗೆ ತಟ್ಟನೆ ಬಂತು. ತುಟಿ ಕಚ್ಚಿಕೊಂಡಳು.

ಪೆನ್ಸಿಲಿನ ಸದ್ದು. ನಿಂತಿತು. ಮತ್ತೆ ಸದ್ದು.

"ಮೂವತ್ತು?" ಎಂದಳು ದೊಡ್ಡವಳು.

ಗೋಡೆಯೆದುರು ಅಮ್ಮನ ಎಡ ಹುಬ್ಬು ಮೇಲೆ ಹೋಯಿತು. ಅದನ್ನು ಕಂಡದ್ದು ಸುಣ್ಣ ಕಾಣದ ಗೋಡೆ ಮಾತ್ರ. ಮೇಡಂ ಏನೂ ಹೇಳಲಿಲ್ಲ.

ಟಿಕ್.

ಅಮ್ಮ ಗಕ್ಕನೆ ತಿರುಗಿದಳು. ಹಜಾರದ ಆ ತುದಿಯಲ್ಲಿ ಬೀರು, ಬೀರುವಿನ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಕುರ್ಚಿ, ಎಲ್ಲದರ ಮೇಲೆ ಚಿಕ್ಕವಳು. ಕೈಯಲ್ಲಿ ಪೆನ್ನು. ಮುಖದ ತುಂಬ ಗೆಲುವು.

(ಪೆನ್ನು ಅಲ್ಲಿಂದ ಕೆಳಗಿಳಿದದ್ದರಲ್ಲಿ ನನ್ನ ಕೈಯಿಲ್ಲ. ಕುರ್ಚಿಯನ್ನು ಯಾರೋ ಹತ್ತಿರ ತಳ್ಳಿರಬಹುದು.)

ಅಮ್ಮ ಎರಡು ಹೆಜ್ಜೆಯಲ್ಲಿ ಹೋಗಿ ಚಿಕ್ಕವಳನ್ನೂ ಪೆನ್ನನ್ನೂ ಒಟ್ಟಿಗೆ ಎತ್ತಿಕೊಂಡಳು. ಆದರೆ ಟಿಕ್ ಆಗಿಹೋಗಿತ್ತು. ಹನ್ನೊಂದು ತಿಂಗಳಲ್ಲಿ ಆ ಸದ್ದು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಕೂಗಿ ಹೇಳಲೇ? ಕೂಗಿದರೆ ಅದೂ ಇನ್ನೊಂದು ಟಿಕ್. ಚಿಕ್ಕವಳ ಬಾಯಿಯ ಮೇಲೆ ಕೈಯಿಟ್ಟು, ತನ್ನ ಬಾಯಿಯನ್ನು ಚಿಕ್ಕವಳ ತಲೆಗೂದಲಿಗೆ ಒತ್ತಿ ಹಾಗೇ ನಿಂತಳು.

ಒಳಗೆ ಸದ್ದಿಲ್ಲ.

ಆಮೇಲೆ ರಬ್ಬರು ಉಜ್ಜುವ ಸದ್ದು. ಬಹಳ ಹೊತ್ತು, ಕಾಗದ ಹರಿಯುವಷ್ಟು ಜೋರಾಗಿ.

"ಮೇಡಂ," ಎಂದಳು ದೊಡ್ಡವಳು, "ಇದು ತಪ್ಪು ಅನ್ಸತ್ತೆ. ಇನ್ನೊಂದು ಸಲ ನೋಡ್ತೀನಿ."

ಅಮ್ಮ ಚಿಕ್ಕವಳನ್ನು ಎತ್ತಿಕೊಂಡೇ ನೆಲದ ಮೇಲೆ ಕೂತಳು.

೧೨

ನೀವೀಗ ನನ್ನನ್ನು ನೋಡುತ್ತಿದ್ದೀರಿ. ಸಹಿ ಬಿತ್ತೇ? ಎಷ್ಟನೆಯ ಹಂತ? ಸೋಮವಾರ ಬೆಳಿಗ್ಗೆ ಆ ಬೆಂಚಿನಲ್ಲಿ ಯಾರು? ನನಗೆ ಎಲ್ಲವೂ ಗೊತ್ತು. ನಾನು ಬಿಡಿ, ಈ ಭೂಮಿಯ ಮೇಲೆ ನಡೆಯುವುದೆಲ್ಲ ಹತ್ತು ನಿಮಿಷ ಮೊದಲೇ ಗೊತ್ತಿರುವವನು.

"ಗೊತ್ತಿಲ್ಲ ಇವರಿಗೆ," ಎಂದಳು ಅಮ್ಮ, ನೆಲದ ಮೇಲಿನಿಂದ.

ಗೊತ್ತಿಲ್ಲ. ಬಾಗಿಲು ಇನ್ನೂ ಮುಚ್ಚಿದೆ. ಪೆನ್ಸಿಲು ಓಡುತ್ತಿದೆ, ನಿಲ್ಲುತ್ತಿದೆ, ಓಡುತ್ತಿದೆ. ಪಾಪ, ಮೇಡಂಗೆಂದು ಮಾಡಿಟ್ಟ ಚಹಾ ಆರುತ್ತಿದೆ. ಅಮ್ಮ ಮತ್ತೆ ಗೋಡೆಯ ಕಡೆ ತಿರುಗಿದ್ದಾಳೆ, ಚಿಕ್ಕವಳನ್ನೂ ತಿರುಗಿಸಿದ್ದಾಳೆ. ನಾನೂ ತಿರುಗಿದೆ.

ನೀವೊಬ್ಬರು ಉಳಿದಿರಿ. ಇಷ್ಟು ಹತ್ತಿರ ಬಾಗಿ ಕೂತಿದ್ದೀರಿ, ಉಸಿರು ಪುಟಕ್ಕೆ ತಾಗುತ್ತಿದೆ, ಹುಬ್ಬು ಎಲ್ಲಿಗೋ ಹೋಗಿದೆ. ಆ ಹುಡುಗಿ ಎಂಥವಳೆಂದು ನಿಮಗೆ ಗೊತ್ತು. ಕಾಗದದ ಆ ಬದಿಯಿಂದಲೂ ನೋಡಿಬಿಡುತ್ತಾಳೆ.

ದಯವಿಟ್ಟು ಸ್ವಲ್ಪ ಆ ಕಡೆ ತಿರುಗಿ.